ಆ ಅಲರ್ಟನ್ನು ಓದುವವರು ಯಾರು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೆನ್ನು ಬಿಡದೆ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳ ಅಪ್ಪ ಅಮ್ಮಂದಿರು, ಒಮ್ಮೊಮ್ಮೆ ಮಕ್ಕಳೇ. ‘ಥ್ರೆಟ್ ಡಿಟೆಕ್ಷನ್ ಎಂಜಿನಿಯರ್ ಅಂತ ಬರೆದುಕೊಳ್ಳುತ್ತೀರಲ್ಲ, ಅಲ್ಲಿ ಏನು ಮಾಡ್ತೀರಿ? ಹ್ಯಾಕರ್‌ಗಳನ್ನು ಹಿಡಿಯೋದಾ? ಮಗಳನ್ನು ಈ ದಾರಿಗೆ ಕಳಿಸಬಹುದಾ?’ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಈ ವಾರ ಒಟ್ಟಿಗೇ ಹೇಳಿಬಿಡುತ್ತೇನೆ.

ಹಿಡಿಯುವುದು ಪೊಲೀಸರ ಕೆಲಸ. ನಮ್ಮದು ಅದಕ್ಕೂ ಬಹಳ ಹಿಂದಿನ ಹಂತದ್ದು. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಕಾರ್ಖಾನೆಯಿರಲಿ, ಅಲ್ಲಿನ ಕಂಪ್ಯೂಟರುಗಳು ತಾವು ಮಾಡಿದ್ದನ್ನು ಕ್ಷಣಕ್ಷಣಕ್ಕೂ ಬರೆದಿಡುತ್ತವೆ. ಇದಕ್ಕೆ ಲಾಗ್ ಎನ್ನುತ್ತೇವೆ. ವಿಂಡೋಸ್‌ನ ಲಾಗಿನಲ್ಲಿ 4624 ಎಂಬ ಸಂಖ್ಯೆ ಕಂಡರೆ ಯಾರೋ ಲಾಗಿನ್ ಆಗಿದ್ದಾರೆ, 4625 ಎಂದರೆ ಆಗಲು ಹೋಗಿ ಸೋತಿದ್ದಾರೆ, 4688 ಎಂದರೆ ಹೊಸದೊಂದು ಪ್ರೋಗ್ರಾಮ್ ಶುರುವಾಗಿದೆ, 1102 ಎಂದರೆ ಸೆಕ್ಯುರಿಟಿ ಲಾಗನ್ನೇ ಯಾರೋ ಅಳಿಸಿದ್ದಾರೆ. ಸಾವಿರಾರು ಕಂಪ್ಯೂಟರುಗಳ ಇಂಥ ಸಾಲುಗಳೆಲ್ಲ ಹರಿದು ಬಂದು ಸೀಮ್ ಎಂಬ ಒಂದು ವ್ಯವಸ್ಥೆಯಲ್ಲಿ ಸೇರುತ್ತವೆ. ಆ ರಾಶಿಯಲ್ಲಿ ಏನು ಕಂಡರೆ ಒಬ್ಬ ಮನುಷ್ಯನನ್ನು ಕರೆಯಬೇಕು ಎಂಬ ನಿಯಮ ಬರೆಯುವುದು ಡಿಟೆಕ್ಷನ್ ಎಂಜಿನಿಯರ್ ಕೆಲಸ. ಕರೆದಾಗ ಎದ್ದು ನೋಡುವವರು ಎಸ್‌ಒಸಿ ಎಂದು ಕರೆಯುವ ನಿಗಾ ಕೇಂದ್ರದ ಹುಡುಗ ಹುಡುಗಿಯರು. ಬೆಂಗಳೂರಿನ ವೈಟ್‌ಫೀಲ್ಡ್, ಮಾನ್ಯತಾ, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ರಾತ್ರಿಯಿಡೀ ದೀಪ ಉರಿಯುವ ಮಹಡಿಗಳಲ್ಲಿ ಇಂಥವರು ಪಾಳಿಯ ಮೇಲೆ ಕೂತಿರುತ್ತಾರೆ. ನಾನೂ ಅಲ್ಲಿಂದಲೇ ಬಂದವನು. ಹಾಗಾಗಿ ನಿಯಮ ಬರೆಯುವಾಗಲೆಲ್ಲ ದಾಳಿಕೋರನಷ್ಟೇ, ಕೆಲವೊಮ್ಮೆ ಅವನಿಗಿಂತ ಹೆಚ್ಚಾಗಿ, ಆ ಅಲರ್ಟನ್ನು ಓದಬೇಕಾದವರು ನನ್ನ ಕಣ್ಣ ಮುಂದೆ ಬರುತ್ತಾರೆ. ಈ ವೃತ್ತಿಯ ಬಗ್ಗೆ ನಾನು ಹೇಳಬೇಕೆಂದಿರುವುದೆಲ್ಲ ಈ ಮಾತಿನ ಸುತ್ತಲೇ ಇದೆ.

ಹೊರಗಿನವರಿಗೆ ಒಂದು ಸಂಶಯ ಬರುವುದು ಸಹಜ. ಅನುಮಾನ ಬಂದದ್ದಕ್ಕೆಲ್ಲ ಅಲರ್ಟ್ ಕೊಟ್ಟರಾಯಿತಲ್ಲ, ತಪ್ಪಿಹೋಗುವುದಕ್ಕಿಂತ ಹೆಚ್ಚು ಕೊಡುವುದೇ ಕ್ಷೇಮವಲ್ಲವೇ? ಲೆಕ್ಕ ಹಾಕಿ ನೋಡಿ. ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ದಿನಕ್ಕೆ ಒಂದು ಕೋಟಿ ಲಾಗ್ ಸಾಲುಗಳು ಬರುತ್ತವೆ ಎಂದಿಟ್ಟುಕೊಳ್ಳೋಣ. ನನ್ನ ನಿಯಮ ಎಷ್ಟು ಜಾಣ ಎಂದರೆ ಸಹಜವಾದದ್ದನ್ನು ಸಹಜವೆಂದು ಗುರುತಿಸುವುದರಲ್ಲಿ ಅದು ಶೇ 99.9ರಷ್ಟು ಸರಿ. ಉಳಿದ ಶೇ 0.1 ಎಂದರೆ ದಿನಕ್ಕೆ ಹತ್ತು ಸಾವಿರ ಸುಳ್ಳು ಅಲರ್ಟ್. ಒಂದೊಂದನ್ನು ನೋಡಿ ಮುಗಿಸಲು ಐದೇ ನಿಮಿಷ ಸಾಕೆಂದರೂ ಎಂಟು ಗಂಟೆಯ ಪಾಳಿಯ ನೂರಕ್ಕೂ ಹೆಚ್ಚು ಜನ ಬೇಕು. ಆ ಒಂದು ಕೋಟಿಯಲ್ಲಿ ನಿಜವಾದ ದಾಳಿಯ ಸಾಲುಗಳು ಹತ್ತಿದ್ದವು, ಹತ್ತನ್ನೂ ನಿಯಮ ಹಿಡಿದಿತ್ತು ಅನ್ನಿ. ಹತ್ತು ಸಾವಿರದ ಹತ್ತು ಅಲರ್ಟುಗಳಲ್ಲಿ ಆ ಹತ್ತು ಯಾವುವು ಎಂದು ಹುಡುಕುವವರು ಯಾರು? ಸ್ವೀಡನ್ನಿನ ಸ್ಟೆಫಾನ್ ಆಕ್ಸೆಲ್ಸನ್ 1999ರಲ್ಲೇ ಈ ತೊಡಕನ್ನು ಗಣಿತದ ಮೂಲಕ ತೋರಿಸಿದ್ದರು. ದಾಳಿ ಅಪರೂಪ, ಸಹಜ ವ್ಯವಹಾರ ಅಗಾಧ. ಆದ್ದರಿಂದ ಒಂದು ಪತ್ತೆ ವ್ಯವಸ್ಥೆ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಅದು ಎಷ್ಟು ದಾಳಿ ಹಿಡಿಯಿತು ಎನ್ನುವುದಕ್ಕಿಂತ ಎಷ್ಟು ಸಲ ಸುಮ್ಮಸುಮ್ಮನೆ ಕೂಗಿತು ಎನ್ನುವುದು ಎಂದರು. ಕಾಲು ಶತಮಾನ ಕಳೆದರೂ ಈ ಲೆಕ್ಕ ಅಳ್ಳಾಡಿಲ್ಲ.

ಅತಿಯಾಗಿ ಕೂಗಿದರೆ, ಏನು ಕಂಡೆನೆಂದು ಸರಿಯಾಗಿ ಹೇಳದೆ ಕೂಗಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ನಂಟಿರುವ ಪ್ರಕರಣವೊಂದಿದೆ. ನಮ್ಮ ವೃತ್ತಿಯವರು ನಾಲ್ಕು ಜನ ಸೇರಿದರೆ ಇವತ್ತಿಗೂ ಅದರ ಮಾತು ಬರುತ್ತದೆ. 2013ರ ನವೆಂಬರ್ 27ರಿಂದ ಡಿಸೆಂಬರ್ 15ರವರೆಗೆ ಅಮೆರಿಕದ ಟಾರ್ಗೆಟ್ ಮಳಿಗೆಗಳಲ್ಲಿ ಸಾಮಾನು ಕೊಂಡು ಕಾರ್ಡ್ ಉಜ್ಜಿದವರ ಸುಮಾರು ನಾಲ್ಕು ಕೋಟಿ ಕಾರ್ಡುಗಳ ವಿವರ ಕಳ್ಳರ ಪಾಲಾಯಿತು. ಏಳು ಕೋಟಿ ಜನರ ಹೆಸರು, ವಿಳಾಸ, ಫೋನ್ ನಂಬರುಗಳೂ ಹೋದವು. ಕಳ್ಳರು ಒಳಗೆ ಬಂದದ್ದು ಹವಾನಿಯಂತ್ರಣ, ಶೀತಲೀಕರಣದ ಕೆಲಸ ಮಾಡುತ್ತಿದ್ದ ಸಣ್ಣ ಗುತ್ತಿಗೆ ಕಂಪನಿಯೊಂದರ ಪಾಸ್‌ವರ್ಡ್ ಕದ್ದು. ಟಾರ್ಗೆಟ್ ಭದ್ರತೆಯ ಬಗ್ಗೆ ಅಸಡ್ಡೆ ಮಾಡಿದ ಕಂಪನಿ ಎನ್ನುವಂತಿರಲಿಲ್ಲ. ಕೆಲವೇ ತಿಂಗಳ ಹಿಂದೆ 16 ಲಕ್ಷ ಡಾಲರ್ ಕೊಟ್ಟು ಆ ಕಾಲದ ಅತ್ಯುತ್ತಮ ಪತ್ತೆ ವ್ಯವಸ್ಥೆಗಳಲ್ಲಿ ಒಂದನ್ನು ಹಾಕಿಸಿಕೊಂಡಿತ್ತು. ಅದರ ಮೇಲೆ ಹಗಲೂ ರಾತ್ರಿ ಕಣ್ಣಿಡಲು ಬೆಂಗಳೂರಿನಲ್ಲಿ ತಂಡವೂ ಇತ್ತು.

ನವೆಂಬರ್ 30, ಶನಿವಾರ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದು ವರ್ಷದಲ್ಲೇ ಅತಿ ಹೆಚ್ಚು ವ್ಯಾಪಾರ ನಡೆಯುವ ವಾರಾಂತ್ಯ. ಕದ್ದ ಮಾಹಿತಿಯನ್ನು ಹೊರಗೆ ಸಾಗಿಸುವ ಪ್ರೋಗ್ರಾಮನ್ನು ಕಳ್ಳರು ಒಳಗೆ ಇಳಿಸುತ್ತಿದ್ದಂತೆ ಪತ್ತೆ ವ್ಯವಸ್ಥೆ ಅಲರ್ಟ್ ಕೊಟ್ಟಿತು. ಬೆಂಗಳೂರಿನ ತಂಡ ಅದನ್ನು ನೋಡಿತು. ಮಿನಿಯಾಪೊಲಿಸ್‌ನ ಮುಖ್ಯ ಕೇಂದ್ರಕ್ಕೆ ತಿಳಿಸಿತು. ಅಲ್ಲಿಗೆ ನಿಂತಿತು. ಅಲ್ಲಿನವರು ಅದನ್ನು ತೂಗಿ ನೋಡಿ, ತಕ್ಷಣ ಏನೂ ಮಾಡಬೇಕಾಗಿಲ್ಲ ಎಂದು ತೀರ್ಮಾನಿಸಿದರು. ಡಿಸೆಂಬರ್ 2ರ ಹೊತ್ತಿಗೆ ಮತ್ತೆ ಅಲರ್ಟ್ ಬಂತು. ಮಾಹಿತಿ ಹೊರಗೆ ಹರಿಯತೊಡಗಿದ್ದೂ ಆಗಲೇ. ಮನೆಯೊಳಗೆ ಕಳ್ಳರಿರಬಹುದು ಎಂದು ಟಾರ್ಗೆಟ್ ಎಚ್ಚೆತ್ತದ್ದು ಡಿಸೆಂಬರ್ 12ರಂದು ಅಮೆರಿಕ ಸರ್ಕಾರದ ನ್ಯಾಯ ಇಲಾಖೆ ಬಂದು ಹೇಳಿದಾಗ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಮಿನಿಯಾಪೊಲಿಸ್‌ನಲ್ಲಿ ಕೂತಿದ್ದವರತ್ತ ಬೆರಳು ತೋರಿಸುತ್ತಾರೆ. ನನಗೆ ಅಷ್ಟು ಸುಲಭವಾಗಿ ಕೈ ಎತ್ತಲಾಗುವುದಿಲ್ಲ. ಆ ಅಲರ್ಟ್‌ನಲ್ಲಿ ಕುತಂತ್ರಾಂಶಕ್ಕಿದ್ದ ಹೆಸರು ‘ಮಾಲ್‌ವೇರ್ ಡಾಟ್ ಬೈನರಿ’. ಹೊಸದಾದ, ಹಿಂದೆ ಕಂಡಿರದ ಯಾವುದೇ ಕೆಟ್ಟ ಫೈಲಿಗೂ ಆ ವ್ಯವಸ್ಥೆ ಅಂಟಿಸುತ್ತಿದ್ದ ಸಾಮಾನ್ಯ ಚೀಟಿ ಅದು. ಇದು ಯಾರ ಕಂಪ್ಯೂಟರು, ಅಲ್ಲಿ ಕಾರ್ಡ್ ವಿವರಗಳಿವೆಯೇ, ಇದಕ್ಕೆ ಹಿಂದೆ ಏನು ನಡೆಯಿತು, ಮುಂದೆ ಏನಾಗಬಹುದು, ನಾನೀಗ ಏನು ಮಾಡಬೇಕು – ಈ ಯಾವ ಪ್ರಶ್ನೆಗೂ ಆ ಹೆಸರಿನಲ್ಲಿ ಉತ್ತರವಿಲ್ಲ. ದಿನಕ್ಕೆ ನೂರಾರು ಅಲರ್ಟ್ ಓದುವವರ ಮುಂದೆ ಅಂಥದ್ದೊಂದು ಚೀಟಿ ಬಂದರೆ ಅದಕ್ಕೆ ಎಷ್ಟು ಬೆಲೆ ಸಿಗುತ್ತದೆ? ಯಂತ್ರ ಕಂಡಿತ್ತು, ಬೆಂಗಳೂರಿನವರೂ ಕಂಡಿದ್ದರು. ಕಂಡದ್ದು ಮುಂದಿನವರಿಗೆ ಅರ್ಥವಾಗುವ ಹಾಗೆ ತಲುಪಲಿಲ್ಲ. ಡಿಟೆಕ್ಷನ್ ಎಂಜಿನಿಯರಿಂಗ್ ಎಂಬುದು ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆಯಬೇಕಾಗಿ ಬಂದದ್ದು ಇಂಥ ಕಡೆಯಿಂದಲೇ ಎಂದು ನನ್ನ ನಂಬಿಕೆ. ಪೆಟ್ಟಿಗೆಯೊಳಗೆ ಬಂದ ನಿಯಮಗಳು ನಮ್ಮ ಮನೆಯನ್ನು ಬಲ್ಲವಲ್ಲ; ಬಲ್ಲವರೊಬ್ಬರು ಕೂತು ಬರೆಯಬೇಕು.

ಹೇಗೆ ಬರೆಯುತ್ತೇವೆ ಎಂಬುದನ್ನು ಒಂದೇ ಒಂದು ನಿಯಮ ಹಿಡಿದು ತೋರಿಸುತ್ತೇನೆ. ಫೈಲುಗಳನ್ನೆಲ್ಲ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಗ್ಗೆ ಎಲ್ಲರೂ ಕೇಳಿದ್ದೀರಿ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆ ಇಂಥದ್ದೇ ದಾಳಿಗೆ ಸಿಕ್ಕಿ, ಹೊರರೋಗಿಗಳ ನೋಂದಣಿಯಿಂದ ಹಿಡಿದು ಎಲ್ಲವನ್ನೂ ದಿನಗಟ್ಟಲೆ ಕೈಯಲ್ಲೇ ಬರೆಯಬೇಕಾಯಿತು. ಇಂಥ ದಾಳಿಗಳಲ್ಲಿ ಬೀಗ ಹಾಕುವ ಮುಂಚೆ ನಡೆಯುವ ಒಂದು ಕೆಲಸವಿದೆ. ವಿಂಡೋಸ್ ತನ್ನ ಫೈಲುಗಳ ಹಳೆಯ ಸ್ಥಿತಿಯನ್ನು ಶ್ಯಾಡೋ ಕಾಪಿ ಎಂಬ ನೆರಳು ಪ್ರತಿಗಳಲ್ಲಿ ಉಳಿಸಿಟ್ಟುಕೊಂಡಿರುತ್ತದೆ. ಅವು ಇದ್ದರೆ ಸಂತ್ರಸ್ತರು ಹಣ ಕೊಡದೆ ಫೈಲ್ ವಾಪಸ್ ಪಡೆಯಬಹುದು. ಆದ್ದರಿಂದ ದಾಳಿಕೋರರು ಮೊದಲು ಆ ಪ್ರತಿಗಳನ್ನು ಅಳಿಸುತ್ತಾರೆ. ಅಳಿಸಲು ಹೊಸ ಆಯುಧವೇನೂ ಬೇಕಿಲ್ಲ, ವಿಂಡೋಸ್‌ನಲ್ಲೇ ಇರುವ ವಿಎಸ್‌ಎಸ್‌ಅಡ್ಮಿನ್ ಎಂಬ ಸಾಧನಕ್ಕೆ ‘ಡಿಲೀಟ್ ಶ್ಯಾಡೋಸ್’ ಎಂದರೆ ಮುಗಿಯಿತು.

ನಿಯಮ ಸುಲಭ ಅನ್ನಿಸುತ್ತದೆ. ಈ ಪ್ರೋಗ್ರಾಮ್ ಈ ಆದೇಶದೊಂದಿಗೆ ಶುರುವಾದರೆ ಅಲರ್ಟ್ ಕೊಡು. ಬರೆಯಲು ಹತ್ತು ನಿಮಿಷವೂ ಬೇಡ. ಆದರೆ ಮೊದಲ ಅಡ್ಡಿ ನಿಯಮದಲ್ಲಿಲ್ಲ, ಲಾಗಿನಲ್ಲೇ ಇದೆ. ಹೊಸ ಪ್ರೋಗ್ರಾಮ್ ಶುರುವಾದದ್ದನ್ನು 4688 ಎಂದು ಬರೆಯುವ ವಿಂಡೋಸ್, ಅದಕ್ಕೆ ಏನು ಆದೇಶ ಕೊಟ್ಟರು ಎಂಬುದನ್ನು ತಾನಾಗಿ ಬರೆಯುವುದಿಲ್ಲ. ಬೇರೆಯಾಗಿ ಒಂದು ಸೆಟ್ಟಿಂಗ್ ಹಾಕಬೇಕು. ಅದನ್ನು ಹಾಕದ ಕಂಪನಿಗಳು ಬೇಕಾದಷ್ಟಿವೆ. ಅಲ್ಲಿ ನನ್ನ ನಿಯಮ ನೋಡಲು ಚೆಂದ, ಅಷ್ಟೇ. ಎಂದಿಗೂ ಬಾಯಿ ಬಿಡದು. ಸೆಟ್ಟಿಂಗ್ ಹಾಕಿಸಿದೆವು ಎನ್ನಿ. ಒಂದು ತಿಂಗಳ ಹಳೆಯ ಲಾಗಿನ ಮೇಲೆ ನಿಯಮ ಓಡಿಸಿದರೆ ಪ್ರತಿ ರಾತ್ರಿ ಅಲರ್ಟ್. ಯಾಕೆಂದು ನೋಡಿದರೆ ಬ್ಯಾಕಪ್ ಸಾಫ್ಟ್‌ವೇರ್ ತನ್ನ ಕೆಲಸ ಮುಗಿಸಿ ಹಳೆಯ ನೆರಳು ಪ್ರತಿಗಳನ್ನು ತಾನೇ ಅಳಿಸುತ್ತಿದೆ. ಹಾಗೆಂದು ‘ರಾತ್ರಿ ಹೊತ್ತು ಸುಮ್ಮನಿರು’ ಎನ್ನುವಂತಿಲ್ಲ, ದಾಳಿಕೋರರೂ ರಾತ್ರಿಯನ್ನೇ ಕಾಯುತ್ತಾರೆ. ಆಗ ಆದೇಶ ಕೊಟ್ಟವರು ಯಾರು, ಎಂದರೆ ಆ ಪ್ರೋಗ್ರಾಮನ್ನು ಶುರು ಮಾಡಿದ ಪ್ರೋಗ್ರಾಮ್ ಯಾವುದು ಎಂದು ನೋಡುತ್ತೇವೆ. ಬ್ಯಾಕಪ್ ಸಾಫ್ಟ್‌ವೇರ್ ತನ್ನದೇ ಜಾಗದಿಂದ, ತನ್ನದೇ ಖಾತೆಯಿಂದ, ಬ್ಯಾಕಪ್ ಸರ್ವರುಗಳಲ್ಲಿ ಮಾತ್ರ ಓಡಿದರೆ ಸರಿ. ಅದೇ ಆದೇಶ ಲೆಕ್ಕಪತ್ರ ವಿಭಾಗದ ಒಬ್ಬರ ಲ್ಯಾಪ್‌ಟಾಪಿನಿಂದ ಬಂದರೆ ಅಲರ್ಟ್ ಹೋಗಲೇಬೇಕು.

ಇಷ್ಟಕ್ಕೆ ಮುಗಿಯಲಿಲ್ಲ. ವಿಎಸ್‌ಎಸ್‌ಅಡ್ಮಿನ್ ಬಳಸಿದರೆ ಸಿಕ್ಕಿಬೀಳುತ್ತೇವೆ ಎಂದು ಗೊತ್ತಿರುವ ದಾಳಿಕೋರ ಡಬ್ಲ್ಯುಎಂಐ ಎಂಬ ಇನ್ನೊಂದು ದಾರಿ ಹಿಡಿಯುತ್ತಾನೆ, ಪವರ್‌ಶೆಲ್ ಬಳಸುತ್ತಾನೆ. ಇಲ್ಲವೇ ಅಳಿಸು ಎನ್ನುವುದನ್ನೇ ಬಿಟ್ಟು, ನೆರಳು ಪ್ರತಿಗಳಿಗೆ ಮೀಸಲಿಟ್ಟ ಜಾಗವನ್ನು ತೀರಾ ಸಣ್ಣದಾಗಿಸುತ್ತಾನೆ. ಜಾಗ ಸಾಲದೆ ವಿಂಡೋಸ್ ತಾನೇ ಹಳೆಯ ಪ್ರತಿಗಳನ್ನು ಬಿಸಾಡುತ್ತದೆ. ‘ಅಳಿಸು’ ಎಂಬ ಪದ ಹುಡುಕುತ್ತಾ ಕೂತ ನಿಯಮಕ್ಕೆ ಇದು ಕಾಣುವುದೇ ಇಲ್ಲ. ಒಂದೊಂದು ದಾರಿಯನ್ನೂ ಪ್ರಯೋಗದ ಯಂತ್ರವೊಂದರಲ್ಲಿ ನಾವೇ ಮಾಡಿ ನೋಡಿ, ಲಾಗಿನಲ್ಲಿ ಯಾವ ಗುರುತು ಬೀಳುತ್ತದೆ ಎಂದು ಪರೀಕ್ಷಿಸಿ ನಿಯಮ ತಿದ್ದುತ್ತೇವೆ.

ನಿಯಮ ಸಿದ್ಧವಾದ ಮೇಲೆ ನನಗೆ ಅತ್ಯಂತ ಮುಖ್ಯವೆನಿಸುವ, ಬಹಳ ಕಡೆ ಎರಡು ನಿಮಿಷದಲ್ಲಿ ಮುಗಿಸಿಬಿಡುವ ಕೆಲಸ ಬರುತ್ತದೆ: ಅಲರ್ಟ್‌ನ ಒಕ್ಕಣೆ. ‘ಸಂಶಯಾಸ್ಪದ ಚಟುವಟಿಕೆ ಕಂಡುಬಂದಿದೆ, ತೀವ್ರತೆ: ಹೆಚ್ಚು’ ಎಂದು ಬರೆದು ಕೈತೊಳೆದುಕೊಳ್ಳಬಹುದು. ನಾನು ಬರೆಯಲು ಬಯಸುವುದು ಹೀಗೆ: ‘ಈ ಲ್ಯಾಪ್‌ಟಾಪಿನಲ್ಲಿ ಈ ಬಳಕೆದಾರರ ಖಾತೆಯಿಂದ ನೆರಳು ಪ್ರತಿಗಳನ್ನು ಅಳಿಸುವ ಆದೇಶ ಹೋಗಿದೆ. ರ‍್ಯಾನ್ಸಮ್‌ವೇರ್ ಫೈಲಿಗೆ ಬೀಗ ಹಾಕುವ ಮೊದಲು ಹೀಗೆ ಮಾಡುತ್ತದೆ. ಬೀಗ ಬೀಳಲು ಕೆಲವೇ ನಿಮಿಷ ಉಳಿದಿರಬಹುದು. ಬ್ಯಾಕಪ್ ಸಾಫ್ಟ್‌ವೇರಿನಿಂದ ಬಂದ ಆದೇಶಗಳನ್ನು ಈಗಾಗಲೇ ಹೊರಗಿಟ್ಟಿದ್ದೇವೆ. ಮೊದಲು ಯಂತ್ರವನ್ನು ನೆಟ್‌ವರ್ಕಿನಿಂದ ಬೇರ್ಪಡಿಸಿ, ಸ್ವಿಚ್ ಮಾತ್ರ ಆರಿಸಬೇಡಿ, ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ. ಆಮೇಲೆ ಇದೇ ಖಾತೆ ಕಳೆದ ಒಂದು ಗಂಟೆಯಲ್ಲಿ ಬೇರೆ ಯಾವ ಯಂತ್ರಗಳಿಗೆ ಹೋಗಿತ್ತು ನೋಡಿ. ಒಪ್ಪಿಗೆಗಾಗಿ ಕಾಯಬೇಕಿಲ್ಲ.’ ಕೊನೆಯ ವಾಕ್ಯವನ್ನು ಸೇರಿಸಬೇಕಾದರೆ ಮೇಲಿನವರೊಂದಿಗೆ ವಾದ ಮಾಡಬೇಕಾಗುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ, ಕೆಲಸಕ್ಕೆ ಸೇರಿ ವರ್ಷವೂ ತುಂಬದ ಒಬ್ಬಳು ಒಂದು ಯಂತ್ರವನ್ನು ನೆಟ್‌ವರ್ಕಿನಿಂದ ಕಡಿಯಲು ಹೆದರುತ್ತಾಳೆ. ಆ ಹೆದರಿಕೆಯನ್ನು ಹಗಲು ಹೊತ್ತಿನಲ್ಲೇ, ನಾವು ಹಿರಿಯರು ಕೂತು ಕಳೆಯಬೇಕು.

2013ರಲ್ಲಿ ಡೇವಿಡ್ ಬಿಯಾಂಕೊ ಎಂಬ ತಜ್ಞರು ಹೇಳಿದ ಮಾತೊಂದು ನಮ್ಮವರಿಗೆಲ್ಲ ಬಾಯಿಪಾಠ. ಕಳ್ಳನ ಫೈಲಿನ ಗುರುತನ್ನೋ ಐಪಿ ವಿಳಾಸವನ್ನೋ ಹಿಡಿದು ತಡೆದರೆ ಅವನಿಗೆ ನೋವೇ ಇಲ್ಲ, ನಿಮಿಷದಲ್ಲಿ ಬದಲಿಸಿಕೊಳ್ಳುತ್ತಾನೆ. ಅವನು ಕೆಲಸ ಮಾಡುವ ರೀತಿಯನ್ನೇ ಹಿಡಿದರೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ, ಆಗ ನಿಜಕ್ಕೂ ನೋಯುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮ ಹಿರಿಯರು ಹೇಳಿದ್ದು ಈ ನಿಯಮಗಳಿಗೆ ಅಡಿಪಾಯವಾಗಬಲ್ಲದು. ನೆರಳು ಪ್ರತಿ ಅಳಿಸುವುದು ಅಂಥದ್ದೊಂದು ಗುಣ.

ಕಳ್ಳನ ಗುಣ ತಿಳಿದರೆ ಅರ್ಧ ಕೆಲಸ. ಉಳಿದರ್ಧ ಮನೆಯವರ ಗುಣ ತಿಳಿಯುವುದು, ಅದೇ ಹೆಚ್ಚು ಕಷ್ಟ. ಊರ ತೋಟದ ಮನೆಯ ನಾಯಿ ಹಾಲಿನವನಿಗೆ ಬೊಗಳುವುದಿಲ್ಲ, ಅವನು ಬಾರದ ಹೊತ್ತಿನಲ್ಲಿ ಬಂದರೆ ಬೊಗಳುತ್ತದೆ. ನಮ್ಮ ನಿಯಮಕ್ಕೂ ಆ ಮಟ್ಟದ ಪರಿಚಯ ಬರಬೇಕು. ನಾನು ಕೆಲಸ ಮಾಡಿದ ಒಂದು ಕಡೆ ಒಂದೇ ಖಾತೆಯಿಂದ ಗಂಟೆಗಟ್ಟಲೆ 4625ಗಳು, ಸೋತ ಲಾಗಿನ್‌ಗಳು, ಸುರಿಯುತ್ತಿದ್ದವು. ಯಾರೋ ಪಾಸ್‌ವರ್ಡ್ ಊಹಿಸುತ್ತಿದ್ದಾರೆ ಎಂದು ಅಲರ್ಟ್ ಮೇಲೆ ಅಲರ್ಟ್. ಪಾಳಿಯವರು ‘ಪರಿಶೀಲಿಸಲಾಗಿದೆ’ ಎಂದು ಬರೆದು ಮುಚ್ಚುತ್ತಿದ್ದರು. ಕೊನೆಗೆ ಸಂಬಳದ ವಿಭಾಗಕ್ಕೆ ಹೋಗಿ ಕೇಳಿದರೆ, ಅಲ್ಲಿನ ಹಳೆಯ ಸಾಫ್ಟ್‌ವೇರ್ ಒಂದರ ಪಾಸ್‌ವರ್ಡ್ ಬದಲಾಗಿತ್ತು, ಸಾಫ್ಟ್‌ವೇರಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಅದು ಪಾಪ ಹಳೆಯದನ್ನೇ ಕೊಟ್ಟು ಕೊಟ್ಟು ಸೋಲುತ್ತಿತ್ತು. ಸಂಬಳದ ವಿಭಾಗದ ಆ ಹಿರಿಯರು ಐದು ನಿಮಿಷದಲ್ಲಿ ಹೇಳಿದ್ದನ್ನು ಯಾವ ಲಾಗೂ ಹೇಳುವಂತಿರಲಿಲ್ಲ.

ಹೀಗೆ ಹೋಗಿ ಕೇಳುವುದಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ 2020ರ ಒಂದು ಘಟನೆ ಸಾಕ್ಷಿ. ಫೈರ್‌ಐ ಎಂಬ ಭದ್ರತಾ ಕಂಪನಿಯಲ್ಲಿ ಉದ್ಯೋಗಿಯೊಬ್ಬರ ಖಾತೆಗೆ ಎರಡನೆಯ ಫೋನ್ ನೋಂದಣಿಯಾಗಿದ್ದು ಭದ್ರತಾ ತಂಡದ ಕಣ್ಣಿಗೆ ಬಿತ್ತು. ಫೋನ್ ಬದಲಿಸುವುದು ಎಲ್ಲರೂ ಮಾಡುವ ಕೆಲಸ, ಮುಂದಕ್ಕೆ ಹೋಗಿಬಿಡಬಹುದಿತ್ತು. ಅವರು ಆ ಉದ್ಯೋಗಿಯನ್ನೇ ವಿಚಾರಿಸಿದರು, ಈ ಫೋನ್ ನಿಮ್ಮದಾ ಎಂದು. ಅಲ್ಲ ಎಂಬ ಉತ್ತರ ಬಂತು. ಆ ‘ಅಲ್ಲ’ ಎಂಬ ದಾರ ಹಿಡಿದು ಎಳೆಯುತ್ತಾ ಹೋದಾಗ ಸಿಕ್ಕಿದ್ದು ಸೋಲಾರ್‌ವಿಂಡ್ಸ್ ಪ್ರಕರಣ. ಸುಮಾರು 18 ಸಾವಿರ ಸಂಸ್ಥೆಗಳಿಗೆ ತಲುಪಿದ್ದ, ಆ ಹೆಸರಿನ ಕಂಪನಿಯ ಒಂದು ಸಾಫ್ಟ್‌ವೇರ್ ಅಪ್‌ಡೇಟಿನಲ್ಲೇ ಹಿಂಬಾಗಿಲು ಅಡಗಿತ್ತು. ಅಮೆರಿಕ ಸರ್ಕಾರದ ದೊಡ್ಡ ದೊಡ್ಡ ಇಲಾಖೆಗಳೂ ಆ ಸಂಸ್ಥೆಗಳಲ್ಲಿದ್ದವು.

ಇನ್ನೊಂದು ಸಣ್ಣ ವಿಷಯ ಹೇಳಿಬಿಡುತ್ತೇನೆ, ಹೊಸಬರನ್ನು ಬಹಳ ಕಾಡುವುದು: ಗಡಿಯಾರ. ಬೆಂಗಳೂರಿನ ಸರ್ವರ್ ಭಾರತೀಯ ಕಾಲಮಾನದಲ್ಲಿ ಬರೆಯುತ್ತದೆ, ಕ್ಲೌಡ್ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ ಬರೆಯುತ್ತದೆ. ಐದೂವರೆ ಗಂಟೆಯ ಈ ಅಂತರವನ್ನು ಸರಿಪಡಿಸದಿದ್ದರೆ ಕಳ್ಳ ಬಾಗಿಲು ಒಡೆಯುವ ಮೊದಲೇ ಒಳಗಿದ್ದ ಹಾಗೆ ಲಾಗ್ ಕಾಣುತ್ತದೆ. ನಮ್ಮ ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್‌–ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಎಲ್ಲ ಗಡಿಯಾರಗಳನ್ನೂ ಹೊಂದಿಸಿಟ್ಟುಕೊಳ್ಳಿ, ಲಾಗುಗಳನ್ನು 180 ದಿನ ಉಳಿಸಿ, ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಿ ಎಂದು ಹೇಳಿದೆ. ಆರು ಗಂಟೆ ಬಿಗಿಯಾಯಿತೆಂದು ಕಂಪನಿಗಳು ಗೊಣಗಿದ್ದು ನಿಜ. 180 ದಿನದ ಲಾಗ್ ಕಡ್ಡಾಯ ಮಾಡಿದ್ದಕ್ಕೆ ಮಾತ್ರ ನಮ್ಮಂಥವರು ಕೃತಜ್ಞರು. ದಾಳಿಕೋರ ತಿಂಗಳುಗಟ್ಟಲೆ ಸದ್ದಿಲ್ಲದೆ ಒಳಗಿರುತ್ತಾನೆ. ಮೂವತ್ತು ದಿನದ ಲಾಗ್ ಇಟ್ಟುಕೊಂಡು ಅವನು ಬಂದ ದಾರಿ ಹುಡುಕಲಾಗದು.

ನಿಯಮ ಬರೆಯುವವರ ಕೈಯಲ್ಲಿ ಎಷ್ಟು ಶಕ್ತಿಯಿದೆ ಎಂಬುದು ಜಗತ್ತಿಗೆ ಗೊತ್ತಾದದ್ದು 2024ರ ಜುಲೈ 19ರ ಶುಕ್ರವಾರ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟ ದಿನ. ಅಂದು ಯಾರೂ ದಾಳಿ ಮಾಡಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಹೊಸ ಬಗೆಯ ದಾಳಿಯನ್ನು ಗುರುತಿಸಲೆಂದು ಪತ್ತೆ ನಿಯಮಗಳ ಒಂದು ಫೈಲನ್ನು ಕಳಿಸಿತ್ತು. ಆ ನಿಯಮ 21 ವಿವರಗಳನ್ನು ನಿರೀಕ್ಷಿಸುತ್ತಿತ್ತು, ಕಂಪ್ಯೂಟರಿನಲ್ಲಿದ್ದ ತಂತ್ರಾಂಶ ಕೊಡುತ್ತಿದ್ದುದು 20. ಇಪ್ಪತ್ತೊಂದನೆಯದನ್ನು ಹುಡುಕಲು ಹೋಗಿ ಯಂತ್ರಗಳು ಕುಸಿದವು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಕಂಪ್ಯೂಟರುಗಳು. ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಹೊರಟ ಫೈಲನ್ನು 78 ನಿಮಿಷದಲ್ಲಿ ಹಿಂತೆಗೆದುಕೊಂಡರೂ ಆಸ್ಪತ್ರೆ, ಬ್ಯಾಂಕು, ವಿಮಾನಗಳು ಅಷ್ಟರಲ್ಲಿ ನಿಂತಿದ್ದವು. ಅಂದಿನಿಂದ ನಿಯಮವನ್ನೂ ಸಾಫ್ಟ್‌ವೇರಿನಷ್ಟೇ ಶ್ರದ್ಧೆಯಿಂದ ಪರೀಕ್ಷಿಸಬೇಕು, ಎಲ್ಲೆಡೆ ಒಮ್ಮೆಗೇ ಬಿಡದೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾವು ನಿಯಮಗಳನ್ನು, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ ಇಡುತ್ತೇವೆ, ಇನ್ನೊಬ್ಬರು ಓದಿ ಒಪ್ಪಬೇಕು, ಪರೀಕ್ಷೆ ದಾಟಬೇಕು, ಆಮೇಲೆಯೇ ಅದು ಕೆಲಸಕ್ಕೆ ಇಳಿಯುತ್ತದೆ.

ಕಂಪನಿಗಳನ್ನು ನಡೆಸುವವರಿಗೆ ಒಂದು ಮಾತು. ದಾಳಿಕೋರರ ವಿಧಾನಗಳನ್ನೆಲ್ಲ ಚೌಕಗಳಲ್ಲಿ ಜೋಡಿಸಿದ ಮೈಟರ್ ಅಟ್ಯಾಕ್ ಎಂಬ ನಕ್ಷೆಯಿದೆ. 2015ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ, ಬಹಳ ಒಳ್ಳೆಯ ಕೆಲಸ. ಅದರಲ್ಲಿ ತಮ್ಮ ಬಳಿ ನಿಯಮವಿರುವ ಚೌಕಗಳಿಗೆ ಹಸಿರು ಬಳಿದು ಸಭೆಗಳಲ್ಲಿ ತೋರಿಸುವ ರೂಢಿ ಬೆಳೆದಿದೆ. ಹಸಿರು ಚೌಕದ ಹಿಂದಿನ ನಿಯಮ ಕೊನೆಯ ಸಲ ಪರೀಕ್ಷೆಗೆ ಒಳಪಟ್ಟದ್ದು ಯಾವಾಗ, ಅದಕ್ಕೆ ಬೇಕಾದ ಲಾಗ್ ಇವತ್ತೂ ಬರುತ್ತಿದೆಯೇ, ಅದು ಕೊಟ್ಟ ಅಲರ್ಟುಗಳಲ್ಲಿ ಎಷ್ಟನ್ನು ನೋಡದೆಯೇ ಮುಚ್ಚಲಾಯಿತು – ಇಷ್ಟು ಕೇಳಿ. ಉತ್ತರ ಸಿಗದ ಚೌಕ ಹಸಿರಲ್ಲ. ಸತ್ತ ನಿಯಮಗಳನ್ನು ತೆಗೆದುಹಾಕಿದವರನ್ನು ಹೊಸದು ಬರೆದವರಷ್ಟೇ ಮೆಚ್ಚಿಕೊಳ್ಳಿ. ಪ್ರತಿ ಅಲರ್ಟಿನಲ್ಲೂ ನಿಯಮ ಬರೆದವರ ಹೆಸರಿರಲಿ, ಪಾಳಿಯವರು ನೇರವಾಗಿ ಅವರನ್ನು ಕೇಳುವಂತಾಗಲಿ. ನಿಯಮದ ಸಭೆಗೆ ರಾತ್ರಿ ಪಾಳಿಯವರನ್ನೂ ಕೂರಿಸಿಕೊಳ್ಳಿ. ಯಾವ ನಿಯಮ ಸುಳ್ಳು ಹೇಳುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಅವರನ್ನು ಟಿಕೆಟ್, ಎಂದರೆ ಅಲರ್ಟಿನ ಕಡತ, ಮುಚ್ಚುವ ಕೈಗಳೆಂದು ಎಣಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಮಕ್ಕಳು ನಿದ್ದೆಗೆಟ್ಟು ಕಲಿತದ್ದು ಅಲ್ಲೇ ಇಂಗಿಹೋಗುತ್ತದೆ, ವರ್ಷದೊಳಗೆ ಬೇಸತ್ತು ಬೇರೆ ಕೆಲಸ ಹಿಡಿಯುತ್ತಾರೆ.

ಕೃತಕ ಬುದ್ಧಿಮತ್ತೆ ಬಂತಲ್ಲ, ಈ ಕೆಲಸ ಉಳಿಯುತ್ತದಾ ಎಂದೂ ಕೇಳುತ್ತಾರೆ. ಅಲರ್ಟುಗಳ ಮೊದಲ ಜಾಲಾಟ, ನಿಯಮದ ಕರಡು ಬರೆಯುವುದು, ಇವನ್ನೆಲ್ಲ ಈಗಲೇ ಅದರಿಂದ ಮಾಡಿಸುತ್ತಿದ್ದೇವೆ, ಚೆನ್ನಾಗಿಯೇ ಮಾಡುತ್ತದೆ. ಸಂಬಳದ ವಿಭಾಗದಲ್ಲಿ ಪಾಸ್‌ವರ್ಡ್ ಬದಲಾದ ಸಂಗತಿ ಎಲ್ಲೂ ಬರೆದಿಲ್ಲದಿದ್ದರೆ ಅದಕ್ಕೂ ಗೊತ್ತಾಗದು. ಬರೀ ಟಿಕೆಟ್ ಮುಚ್ಚುವ ಕೆಲಸ ಕಡಿಮೆಯಾಗುತ್ತದೆ. ನಿಯಮ ಬರೆಯಬಲ್ಲವರ ಅಗತ್ಯ ಹೆಚ್ಚುತ್ತದೆ ಎಂಬುದು ನನ್ನ ಅಂದಾಜು.

ಇನ್ನು ಮಗಳ ವಿಷಯ. ಲಕ್ಷಗಟ್ಟಲೆ ಕಟ್ಟಿ ಎಥಿಕಲ್ ಹ್ಯಾಕಿಂಗ್ ಕೋರ್ಸಿಗೆ ಸೇರಿಸುವ ಮೊದಲು ಮನೆಯಲ್ಲೇ ಒಂದು ಹಳೆಯ ಲ್ಯಾಪ್‌ಟಾಪ್ ಕೊಡಿ. ಮೆಮೊರಿ 16 ಜಿಬಿ ಇದ್ದರೆ ಸಾಕು. ಅದರೊಳಗೆ ವರ್ಚುವಲ್ ಯಂತ್ರಗಳನ್ನು ಮಾಡಿಕೊಂಡು ವಿಂಡೋಸ್ ಸರ್ವರಿನ ಪ್ರಾಯೋಗಿಕ ಆವೃತ್ತಿ ಹಾಕಬಹುದು, 180 ದಿನ ಉಚಿತ. ವಿವರವಾದ ಲಾಗ್ ಬರೆಯುವ ಸಿಸ್‌ಮಾನ್ ಎಂಬ ಸಾಧನ ಉಚಿತ, ದಾಳಿಯ ವಿಧಾನಗಳನ್ನು ಅಣಕು ಮಾಡಿ ತೋರಿಸುವ ಅಟಾಮಿಕ್ ರೆಡ್ ಟೀಮ್ ಉಚಿತ, ಫ್ಲೋರಿಯನ್ ರೋತ್ ಮತ್ತು ಥಾಮಸ್ ಪಾಟ್ಸ್ಕೆ ಶುರು ಮಾಡಿದ ಸಿಗ್ಮಾ ಎಂಬ ನಿಯಮಗಳ ಭಂಡಾರವೂ ಉಚಿತ. ಆ ನಿಯಮಗಳನ್ನು ಕಥೆ ಓದುವ ಹಾಗೆ ಓದಲಿ. ಒಂದು ವಿಧಾನ ಪ್ರಯೋಗಿಸಿ ನೋಡಿ, ಲಾಗಿನಲ್ಲಿ ಬಿದ್ದ ಗುರುತು ಹುಡುಕಿ, ತನ್ನದೇ ನಿಯಮ ಬರೆದು, ಅದು ಸುಳ್ಳಾಗಿ ಕೂಗುವ ಸಂದರ್ಭಗಳನ್ನು ಪಟ್ಟಿ ಮಾಡಲಿ. ಎಲ್ಲವೂ ಸ್ವಂತ ಯಂತ್ರದೊಳಗೆ ಮಾತ್ರ. ಅನುಮತಿಯಿಲ್ಲದೆ ಬೇರೆಯವರ ಯಂತ್ರವನ್ನು ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಮುಟ್ಟಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ರಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಕುತೂಹಲಕ್ಕೆ ಮಾಡಿದೆ ಎಂಬ ಮಾತನ್ನು ನೆಚ್ಚಿಕೊಳ್ಳುವಂತಿಲ್ಲ. ಸ್ವಲ್ಪ ಪೈಥಾನ್, ನೆಟ್‌ವರ್ಕಿಂಗ್‌ನ ಬುನಾದಿ ಬೇಕು. ಸರಳವಾಗಿ, ಸ್ಪಷ್ಟವಾಗಿ ನಾಲ್ಕು ವಾಕ್ಯ ಬರೆಯುವ ಅಭ್ಯಾಸ ಅದಕ್ಕಿಂತ ಹೆಚ್ಚು ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಲ್ಲಿ ತೊಡಕಲ್ಲ. ನಾನು ಕಂಡ ಒಳ್ಳೆಯ ಅಲರ್ಟುಗಳಲ್ಲಿ ಹಲವನ್ನು ಬರೆದವರು ಹಾಸನ, ಕೊಪ್ಪಳದ ಸರ್ಕಾರಿ ಶಾಲೆಗಳಿಂದ ಬಂದವರು.

ಮೊದಲ ಕೆಲಸ ಬಹುಮಟ್ಟಿಗೆ ಪಾಳಿಯದ್ದೇ ಆಗಿರುತ್ತದೆ, ರಾತ್ರಿಗಳೂ ಇರುತ್ತವೆ. ಅದಕ್ಕೆ ಮನೆಯವರು ಸಿದ್ಧರಿರಬೇಕು. ಸಂದರ್ಶನದ ಕೊನೆಯಲ್ಲಿ ‘ನಿಮ್ಮದೇನಾದರೂ ಪ್ರಶ್ನೆಯಿದೆಯೇ’ ಎಂದು ಕೇಳುತ್ತಾರಲ್ಲ, ಆಗ ಸಂಕೋಚ ಬಿಟ್ಟು ಮಗಳು ಇದನ್ನು ಕೇಳಲಿ: ಒಂದು ನಿಯಮ ಸುಳ್ಳು ಅಲರ್ಟ್ ಕೊಡುತ್ತಿದ್ದರೆ ಪಾಳಿಯಲ್ಲಿರುವವರು ಅದನ್ನು ತಿದ್ದಲು ಬರೆದುಕೊಡಬಹುದೇ, ಬರೆದುಕೊಟ್ಟದ್ದನ್ನು ಯಾರು ಓದುತ್ತಾರೆ, ಎಷ್ಟು ದಿನದಲ್ಲಿ? ಹೆಸರು ಹೇಳಿ, ದಿನ ಹೇಳಿ ಉತ್ತರ ಕೊಟ್ಟ ಕಡೆ ಸಂಬಳ ಸ್ವಲ್ಪ ಕಡಿಮೆಯಿದ್ದರೂ ಸೇರಿಕೊಳ್ಳಲಿ.